ಕಾಗದ ಎಲ್ಲಿಟ್ಟೀರಿ, ಹೇಳ್ರಿ ನೋಡೋಣ?

ಒಂದು ಸಣ್ಣ ಪರೀಕ್ಷೆ ಮಾಡೋಣೇನ್ರಿ? ನಡುರಾತ್ರಿ ಯಾರೋ ಬಾಗಿಲು ಬಡಿದು, "ಏಳ್ರಿ, ಹಗರಿ ಹೊಳೆ ನೀರು ಓಣಿಗೆ ಬಂತು" ಅಂತ ಕೂಗಿದ ಅಂತ ಇಟ್ಕೊಳ್ರಿ. ಕೈಯಾಗ ಇರೋದು ಎರಡೇ ನಿಮಿಷ. ಹೊಲದ ಪಾಸ್‌ಬುಕ್ಕು, ಮನೆ ಪತ್ರ, ಮಗಳ ಮಾರ್ಕ್ಸ್‌ಕಾರ್ಡು, ರೇಷನ್ ಕಾರ್ಡು, ಆಧಾರು. ಎಲ್ಲೆಲ್ಲಿ ಅದಾವೆ? ಹೇಳ್ರಿ. (ಹೆಂಡತಿ ಮುಖ ನೋಡಂಗಿಲ್ಲ. ಕಾಪಿ ಹೊಡೆದರೆ ಪರೀಕ್ಷೆ ಕ್ಯಾನ್ಸಲ್.)

"ಎಲ್ಲಿ ಹೋಗ್ತಾವ್ರಿ, ಮನೆಯಾಗೇ ಅದಾವೆ" ಅಂದ್ರಿ ಅಲ್ವಾ? ಗೊತ್ತಿತ್ತು. ಆಂಧ್ರದ ಗಡಿಯ ನಮ್ಮ ಬೊಮ್ಮನಹಾಳಿನ ಬಸ್‌ಸ್ಟ್ಯಾಂಡಿನಾಗ ಮಂಡಕ್ಕಿ ಒಗ್ಗರಣೆ ತಿನ್ನೋ ಹತ್ತು ಮಂದಿನ್ನ ಕೇಳಿದರೆ ಹತ್ತೂ ಮಂದಿ ಇದನ್ನೇ ಅಂತಾರೆ. ಮನೆಯಾಗೇ ಅದಾವೆ, ಖರೆ. ಮನೆಯಾಗ ಎಲ್ಲಿ ಅಂತ ಕೇಳಿದ್ದು ನಾನು.

ಹೋಗ್ಲಿ, ನಾನೇ ಹೇಳ್ತೀನಿ. ಟ್ರಂಕಿನ ತಳದಾಗ, ಮದುವೆ ಸೀರೆ ಕೆಳಗೆ, ಬಂಗಾರದ ಅಂಗಡಿಯವರು ಕೊಟ್ಟ ಬ್ಯಾಗು. ಅದರೊಳಗೆ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಇನ್ನೊಂದು ಕವರು, ಅದಕ್ಕೊಂದು ರಬ್ಬರ್ ಬ್ಯಾಂಡು. (ಆ ರಬ್ಬರು ಯಾವತ್ತೋ ಕರಗಿ ಕಾಗದಕ್ಕೆ ಅಂಟ್ಕೊಂಡೈತೆ, ನೋಡಿಲ್ಲ ನೀವು.) ಕಳ್ಳರಿಗೆ ಸಿಗಬಾರದು ಅಂತ ಇಟ್ಟಿದ್ದು. ಕಳ್ಳರಿಗೂ ಸಿಗಲ್ಲ, ನಿಮಗೂ ಸಿಗಲ್ಲ.

ಈಗ ನಿಮ್ಮ ಎರಡನೇ ಜಾಣತನಕ್ಕೆ ಬರೋಣ. "ಹಗರಿಯಾಗ ನೀರೆಲ್ಲಿ ಐತ್ರಿ, ಬರೀ ಮರಳು" ಅಂತೀರಿ. ವೇದಾವತಿ ಅಂತ ಚೆಂದದ ಹೆಸರಿದ್ರೂ ನಮ್ಮ ಕಡೆ ಮಂದಿಗೆ ಅದು ದಾಟೋ ಮರಳೇ ಹೊರತು ಹರಿಯೋ ಹೊಳೆ ಅಲ್ಲ. ಹೊಳೆ ದಂಡೆಯಾಗ ಇದ್ದೀವಿ ಅನ್ನೋದೇ ಎಷ್ಟೋ ಮನೆಗಳಿಗೆ ಮರೆತುಹೋಗಿತ್ತು.

ಹೊಳೆಗೆ ಮಾತ್ರ ಮರೆತಿರಲಿಲ್ಲ. ಮೇಲೆ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದಿದ್ದು 2022ರ ಸೆಪ್ಟೆಂಬರಿನಾಗ. ಅಲ್ಲಿಂದ ಹೊರಟ ನೀರು ಭೈರವಾನಿತಿಪ್ಪ ಡ್ಯಾಮು ತುಂಬಿಸಿ, ಗೇಟು ಎತ್ತಿಸಿ, ನಮ್ಮ ಕಡೆಗೆ ನುಗ್ಗಿತು. ಎರಡು ತಲೆಮಾರು ನೋಡದ ಹೊಳೆ ನೋಡಾಕೆ ಮಂದಿ ಸೇತುವೆ ಮೇಲೆ ನಿಂತು ಸೆಲ್ಫಿ ತಗೊಂಡರು. (ನೀವೂ ಅಲ್ಲೇ ಇದ್ರಿ. ಟ್ರಂಕು ಮನೆಯಾಗೇ ಇತ್ತು.)

ಇನ್ನೊಂದು ಕಡೆ ನೋಡ್ರಿ, ನಮ್ಮ ಮಂಡಲದಾಗೇ. ದರ್ಗಾ ಹೊನ್ನೂರಿನ ಹತ್ತಿರ ಆಷಾಢದ ಗಾಳಿ ಬೀಸಿತು ಅಂದ್ರೆ ಮರಳು ಎದ್ದು ಹೊಲದ ಮೇಲೆ ಬಂದು ಕೂರುತ್ತೆ. ಆ ದಿಬ್ಬಗಳನ್ನ ಮರಳುಗಾಡು ಅಂತ ತೋರಿಸಾಕೆ ಸಿನಿಮಾದವರು ಶೂಟಿಂಗಿಗೆ ಬಂದು ಹೋಗ್ಯಾರೆ. ರೈತನ ಮನೆಯಾಗ ಪಾಸ್‌ಬುಕ್ಕು ಭದ್ರ, ಸರ್ವೆ ನಂಬರು ಭದ್ರ, ಎಕರೆ ಸೆಂಟು ಎಲ್ಲಾ ಭದ್ರ. ಹೊಲಾನೇ ಕಾಣಲ್ಲ!

ಅಂದ್ರೆ ನಮ್ಮ ಕಡೆ ಎರಡು ಥರದ ಮಂದಿ ಅದಾರೆ. ಕಾಗದ ಇದ್ದು ಹೊಲ ಕಳಕೊಂಡವರು, ಹೊಲ ಇದ್ದು ಕಾಗದ ಕಳಕೊಂಡವರು. ಮೊದಲನೆಯವರಿಗೆ ಹೇಳಾಕೆ ನನ್ನ ಹತ್ರ ಏನೂ ಇಲ್ಲ, ಅವರು ಸರ್ವೆಯರನ್ನ ಕರೀಬೇಕು. ಎರಡನೆಯವರು ನೀವು. ಈಗ ಇಲ್ಲದಿದ್ರೆ ಮುಂದೆ ಆಗೋರು.

ನೆರೆ, ಬೆಂಕಿ ಅಂತ ದೊಡ್ಡ ದೊಡ್ಡವರ ಮೇಲೆ ತಪ್ಪು ಹೊರಿಸಬ್ಯಾಡ್ರಿ ಮತ್ತೆ. ನಿಮ್ಮ ಕಾಗದಕ್ಕೆ ಖರೆ ಗಂಡಾಂತರ ಮೂರೇ. ಒಂದು ಗೆದ್ದಲು. ಎರಡು "ಒರಿಜಿನಲ್ ಕೊಡು ಮಾಮ, ಝೆರಾಕ್ಸ್ ಮಾಡಿಸಿ ಸಂಜೀಗೆ ತಂದುಕೊಡ್ತೀನಿ" ಅನ್ನೋ ಅಳಿಯ. ಮೂರು ನೀವು. (ಮೂರನೆಯದು ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಗೊತ್ತಿದ್ದೂ ಗೊತ್ತಿಲ್ಲದಂಗೆ ಕೂತೀರಿ.)

ಸರಿ, ಕಾಗದ ಹೋಯ್ತು. ಮೊದಲ ದಿನ ಅತ್ತು ಮುಗೀತು. ಎರಡನೇ ದಿನ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀರಿ. ಕಂಪ್ಲೇಂಟು ಕೊಡ್ತೀರಿ. ಹುಡುಕಿದ ಶಾಸ್ತ್ರ ಆದ ಮೇಲೆ ಅವರು ಒಂದು ಸರ್ಟಿಫಿಕೇಟು ಕೊಡ್ತಾರೆ: ನಾನ್ ಟ್ರೇಸಬಲ್. ಅಂದ್ರೆ ಕಾಗದ ಇಲ್ಲ ಅನ್ನೋದಕ್ಕೊಂದು ಕಾಗದ. ಇದನ್ನಾದ್ರೂ ಕಳೀಬ್ಯಾಡ್ರಿ, ಇದು ಕಳೆದ್ರೆ ಏನು ಕೊಡ್ತಾರೋ ಆ ಭೈರವನಿಗೇ ಗೊತ್ತು.

ಆಮೇಲೆ ನೋಟರಿ ಹತ್ರ ಅಫಿಡವಿಟ್ಟು. ಕೆಲವು ಪತ್ರಕ್ಕೆ ಪೇಪರಿನಾಗ ಪ್ರಕಟಣೆ. ಆಮೇಲೆ ಮೀಸೇವಾ ಕೇಂದ್ರನೋ ಗ್ರಾಮ ಸಚಿವಾಲಯನೋ. ಕಂಪ್ಯೂಟರಿನ ಮುಂದೆ ಕೂತ ಹುಡುಗ ತಲೆ ಎತ್ತದೇ ಒಂದೇ ಪ್ರಶ್ನೆ ಕೇಳ್ತಾನೆ: "ನಂಬರು?"

ಅಲ್ಲಿಗೆ ಮುಗೀತು ನಿಮ್ಮ ಕಥೆ! "ನಂಬರು ಅದರಾಗೇ ಇತ್ತಪ್ಪ" ಅಂತೀರಿ. ಕಳೆದ ಕಾಗದದ ನಂಬರು ಎಲ್ಲೈತೆ ಅಂದ್ರೆ ಕಳೆದ ಕಾಗದದಾಗ. ಹುಡುಗ ಮೊದಲ ಸಲ ತಲೆ ಎತ್ತಿ ನಿಮ್ಮನ್ನ ನೋಡ್ತಾನೆ. ಆ ನೋಟ ನೆರೆಗಿಂತ ಕಷ್ಟ ಕಣ್ರಿ.

ಈಗ ಹತ್ರ ಬರ್ರಿ, ಒಂದು ಗುಟ್ಟು ಹೇಳ್ತೀನಿ. ನಿಮ್ಮ ಟ್ರಂಕಿನಾಗ ಇರೋ ಕಾಗದ ಗಂಡನ ಮನೆಗೆ ಬಂದ ಹೆಣ್ಣುಮಗಳು ಇದ್ದಂಗೆ. ಪ್ರತಿಯೊಂದಕ್ಕೂ ಒಂದು ತವರುಮನೆ ಐತೆ. ಕಾಗದ ಹೋದ್ರೂ ತವರಿನಾಗ ಅದರ ಹೆಸರು, ಊರು, ಹುಟ್ಟಿದ ದಿನ ಎಲ್ಲಾ ಬರೆದಿಟ್ಟಿರ್ತಾರೆ. ನೀವು ಅಲ್ಲಿಗೆ ಹೋಗಿ ಗುರುತು ಹೇಳಿದ್ರೆ ಸಾಕು.

ಮನೆ ಪತ್ರ, ಕ್ರಯಪತ್ರದ ತವರು ಸಬ್ ರಿಜಿಸ್ಟ್ರಾರ್ ಆಫೀಸು. 1908ರ ರಿಜಿಸ್ಟ್ರೇಷನ್ ಕಾಯ್ದೆ ಪ್ರಕಾರ ನೀವು ಬರೆಸಿದ ಪತ್ರದ ನಕಲು ಅವರ ಒಂದನೇ ನಂಬರಿನ ಪುಸ್ತಕದಾಗ ಏರಿರುತ್ತೆ. ಅದೇ ಕಾಯ್ದೆಯ 57ನೇ ಸೆಕ್ಷನ್ನಿನಾಗ ಫೀಸು ಕಟ್ಟಿ ಸರ್ಟಿಫೈಡ್ ಕಾಪಿ ತಗೋಬಹುದು, ಕೋರ್ಟಿನಾಗೂ ನಡೆಯುತ್ತೆ. ದಸ್ತಾವೇಜು ನಂಬರು, ವರ್ಷ ಎರಡು ಹೇಳಿದ್ರೆ ಆಯ್ತು.

ನಂಬರು ಗೊತ್ತಿಲ್ವಾ? (ಗೊತ್ತಿರಲ್ಲ ಅಂತ ಬಲ್ಲೆ.) ಅದಕ್ಕೂ ದಾರಿ ಐತೆ. ಆಫೀಸಿನಾಗ ಎರಡು ಇಂಡೆಕ್ಸ್ ಇರ್ತಾವೆ, ಒಂದು ಹೆಸರಿನ ಮೇಲೆ, ಒಂದು ಆಸ್ತಿ ಮೇಲೆ. ಇ.ಸಿ. (ಋಣಭಾರದ ಸರ್ಟಿಫಿಕೇಟು) ತೆಗೆಸಿದ್ರೆ ನಂಬರು ಹೊರಗೆ ಬೀಳುತ್ತೆ. ಆಂಧ್ರದಾಗ ರಿಜಿಸ್ಟ್ರೇಷನ್ನಿಗೆ ಕಂಪ್ಯೂಟರ್ ಬಂದಿದ್ದು 1998ರಾಗ. ಅದಕ್ಕಿಂತ ಹಳೇದು ಅಂದ್ರೆ ಗುಮಾಸ್ತರ ಮೂಡು ನೋಡ್ಕೊಂಡು ಹೋಗ್ರಿ.

ಪಾಸ್‌ಬುಕ್ಕಿನ ತವರು ತಹಸೀಲ್ದಾರ್ ಆಫೀಸು. ಪುಸ್ತಕ ಹೋದ್ರೂ ಹೊಲದ ದಾಖಲೆ 1-ಬಿ, ಅಡಂಗಲ್ ಎರಡೂ ಸರ್ಕಾರದ ಮೀಭೂಮಿ ವೆಬ್‌ಸೈಟಿನಾಗ ಕಾಣ್ತಾವೆ. ಬಳ್ಳಾರಿ ಕಡೆ ಹೊಲ ಇದ್ದೋರಿಗೆ ಪಹಣಿ, ಭೂಮಿ ಸಾಫ್ಟ್‌ವೇರಿನಾಗ. ಪಾಸ್‌ಬುಕ್ಕು ಕಳೀತು ಅಂತ ಹೊಲ ಕಳೆಯಲ್ಲ, ಎದೆ ಬಡ್ಕೋಬ್ಯಾಡ್ರಿ. ಮತ್ತೆ ಆ ಪುಸ್ತಕ ತಾನೇ ಎಷ್ಟು ದಿನ ಒಂದೇ ಥರ ಇರುತ್ತೆ? ಮುಖ್ಯಮಂತ್ರಿ ಫೋಟೊ ಬ್ಯಾಡ, ರಾಜಮುದ್ರೆ ಸಾಕು ಅಂತ 2024ರಾಗ ಸರ್ಕಾರ ತೀರ್ಮಾನ ಮಾಡಿ ಅಟ್ಟೆ ಬದಲಿಸಾಕೆ ಹೊಂಟಿತು.

ಮಾರ್ಕ್ಸ್‌ಕಾರ್ಡಿಗೆ ಮೊದಲು ಓದಿದ ಶಾಲೆ ಹೆಡ್‌ಮಾಸ್ತರು, ಅವರ ಮೂಲಕ ಬೋರ್ಡು. (ಅವತ್ತು ಕಾಂಪೌಂಡು ಹಾರಿ ಓಡಿ ಹೋದ ಶಾಲೆಗೆ ಈಗ ಗೇಟಿನಿಂದ ಹೋಗ್ರಿ.) ಹುಟ್ಟಿದ ಸರ್ಟಿಫಿಕೇಟು ಹುಟ್ಟು-ಸಾವು ಬರೆದ ರಿಜಿಸ್ಟ್ರಾರ್ ಹತ್ರ. ಓಟರ್ ಕಾರ್ಡಿಗೆ ಫಾರಂ 8. ಯಾವುದೂ ಆಕಾಶದಿಂದ ಉದುರಿದ್ದಲ್ಲ, ಎಲ್ಲಕ್ಕೂ ಒಂದು ಆಫೀಸು ಐತೆ.

ಆದ್ರೆ ಗಡಿಯಾಗ ಹುಟ್ಟಿದ ನಮಗೆ ತವರಿನ ದಾರೀನೇ ಸುತ್ತು. ನಿಮ್ಮ ತಾತ ಹೊಲ ಕೊಂಡಾಗ ಪತ್ರದ ಮೇಲೆ ಬಳ್ಳಾರಿ ಜಿಲ್ಲೆ, ಮದ್ರಾಸ್ ಅಂತಿತ್ತು. 1953ರ ಅಕ್ಟೋಬರ್ 1ರಂದು ರಾಯದುರ್ಗ, ಆದೋನಿ, ಆಲೂರು ತಾಲ್ಲೂಕು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಹೋಯ್ತು. ತಾತ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ, ಅಲ್ಲೇ ಕೂತಿದ್ದ!

ಅಪ್ಪನ ಪತ್ರದಾಗ ಅನಂತಪುರ ಜಿಲ್ಲೆ, ಆಂಧ್ರ ಪ್ರದೇಶ. ತಾಲ್ಲೂಕು ಹೋಗಿ ಮಂಡಲ ಬಂದಿದ್ದೂ ಆಯ್ತು. ನಾವಾದ್ರೂ ಅನಂತಪುರದಾಗೇ ಉಳಿದೀವಿ, ಮಡಕಶಿರಾದ ಬೀಗರನ್ನ ನೆನೆಸ್ಕೊಳ್ರಿ. 2022ರ ಏಪ್ರಿಲ್‌ನಿಂದ ಅವರು ಶ್ರೀ ಸತ್ಯಸಾಯಿ ಜಿಲ್ಲೆ. ಮನೆ ಅದೇ, ಬೇವಿನ ಮರ ಅದೇ, ಅರ್ಜಿಯಾಗ ಬರೆಯೋ ವಿಳಾಸ ಮಾತ್ರ ಬ್ಯಾರೆ.

ಇನ್ನು ಹೆಸರು. ಮನೆಯಾಗ ಈರಣ್ಣ. ಕನ್ನಡ ಶಾಲೆ ರಿಜಿಸ್ಟರಿನಾಗ ವೀರಣ್ಣ. ತೆಲುಗು ರೇಷನ್ ಕಾರ್ಡಿನಾಗ ಈರನ್ನ. ಆಧಾರಿನಾಗ ಇಂಗ್ಲಿಷ್ ಸ್ಪೆಲ್ಲಿಂಗು ಎಲ್ಲಿಂದೆಲ್ಲಿಗೋ. ಒಬ್ಬನೇ ಮನುಷ್ಯ, ನಾಲ್ಕು ಕಡೆ ನಾಲ್ಕು ಮಂದಿ. ಕಾಗದ ಇರೋತನಕ ಯಾರೂ ಕೇಳಲ್ಲ. ಕಳೆದು ನಕಲು ಬೇಕು ಅಂದಾಗ ನಾಲ್ಕೂ ಮಂದಿ ಒಬ್ಬನೇ ಅಂತ ಅಫಿಡವಿಟ್ಟು ಮಾಡಿಸಬೇಕು.

"ಸರ್ಕಾರಿ ಆಫೀಸಿಗೇ ಬೆಂಕಿ ಬಿದ್ರೆ?" ಅಂತ ಕೇಳ್ತೀರಿ. (ತಪ್ಪು ಹುಡುಕೋದ್ರಾಗ ನಿಮ್ಮನ್ನ ಮೀರಿಸೋರಿಲ್ಲ.) ಬೀಳುತ್ತೆ. 2024ರ ಜುಲೈ 21ರ ರಾತ್ರಿ ನಮ್ಮ ರಾಯಲಸೀಮೆಯ ಮದನಪಲ್ಲಿಯ ಸಬ್ ಕಲೆಕ್ಟರ್ ಆಫೀಸಿಗೇ ಬಿತ್ತು, ಜಮೀನಿನ ಕಡತಗಳು ಸುಟ್ಟವು. 2009ರ ಅಕ್ಟೋಬರ್ 2ರಂದು ತುಂಗಭದ್ರೆ ಬಂದು ಕರ್ನೂಲು ಊರನ್ನೇ ಮುಳುಗಿಸಿತು, ಮಂತ್ರಾಲಯದ ಮಠಾನೂ ಬಿಡಲಿಲ್ಲ.

ಅದಕ್ಕೇ ಹೇಳೋದು, ತವರನ್ನೇ ನಂಬಿ ಮಲಗಬ್ಯಾಡ್ರಿ. ನಿಮ್ಮ ಹತ್ರ ಒಂದು ನಕಲು, ಅವರ ಹತ್ರ ಒಂದು, ಬ್ಯಾರೆ ಊರಿನ ಮಗಳ ಮನೆಯಾಗ ಒಂದು. ಬೊಮ್ಮನಹಾಳಿನಾಗ ನೀರು ಬಂದ ರಾತ್ರಿ ಬೆಂಗಳೂರಿನಾಗೂ ಬರಲಿಕ್ಕಿಲ್ಲ. (ಬೆಂಗಳೂರಿನ ಬಗ್ಗೆ ಗ್ಯಾರಂಟಿ ಕೊಡಲ್ಲ. ಮಗಳು ಮೂರನೇ ಮಹಡಿಯಾಗ ಇದ್ರೆ ಒಳ್ಳೇದು.)

"ಎಲ್ಲಾ ಫೋನಿನಾಗ ಐತ್ರಿ, ಡಿಜಿಲಾಕರ್!" ಅಂತ ನಿಮ್ಮ ಮಗ ನಗ್ತಾನೆ. 2015ರಿಂದ ಐತೆ ಅದು, ಒಳ್ಳೇದೇ. ಆದ್ರೆ ಅದರಾಗ ಎರಡು ಥರ. ಇಲಾಖೆಯಿಂದ ನೇರ ಇಳಿಸಿಕೊಂಡ ದಾಖಲೆ ಒರಿಜಿನಲ್ಲಿಗೆ ಸಮ. ನೀವೇ ಫೋಟೊ ಹೊಡೆದು ಏರಿಸಿದ್ದು ಬರೀ ಫೋಟೊ. ಹೆಬ್ಬೆರಳು ಅರ್ಧ ಮುಚ್ಚಿದ ಆ ಫೋಟೊ ಯಾವ ಆಫೀಸರೂ ಒಪ್ಪಲ್ಲ.

ಮತ್ತೆ ಅದನ್ನ ತೆಗೆಯಾಕೆ ಓ.ಟಿ.ಪಿ. ಬೇಕು. ಓ.ಟಿ.ಪಿ. ಯಾವ ನಂಬರಿಗೆ ಬರುತ್ತೆ? ಆಧಾರಿಗೆ ಕೊಟ್ಟ ನಂಬರಿಗೆ. ಆಧಾರಿಗೆ ಯಾವ ನಂಬರು ಕೊಟ್ಟಿದ್ರಿ? ಅವತ್ತು ಫೋನ್ ಇಲ್ಲ ಅಂತ ಅಳಿಯಂದು ಕೊಟ್ಟಿದ್ರಿ. ಅಳಿಯ ರೀಚಾರ್ಜು ಬಿಟ್ಟು ಎಷ್ಟೋ ದಿನ ಆಯ್ತು. ಈಗ ಆ ಸಿಮ್ಮು ಯಾರ ಜೇಬಿನಾಗ ಐತೋ! (ಝೆರಾಕ್ಸಿಗೆ ಅಂತ ಹೋದ ಒರಿಜಿನಲ್ಲೂ ಅವನ ಹತ್ರಾನೇ ಐತೆ, ನೆನಪೈತಾ?)

ಇಷ್ಟರಾಗ ಒಂದು ವಿಚಿತ್ರ ನೋಡ್ರಿ. ಊರಿಗೇ ಊರು ಮುಳುಗಿದ್ರೆ ಸರ್ಕಾರದ ಮನಸ್ಸೂ ಕರಗುತ್ತೆ. 2015ರ ಡಿಸೆಂಬರಿನಾಗ ಚೆನ್ನೈ ಮುಳುಗಿದಾಗ ತಮಿಳುನಾಡು ಸರ್ಕಾರ ಸ್ಪೆಷಲ್ ಕ್ಯಾಂಪ್ ಇಟ್ಟು, ಪತ್ರ, ಸರ್ಟಿಫಿಕೇಟುಗಳ ನಕಲು ಪುಕ್ಕಟೆ ಕೊಡ್ತೀವಿ ಅಂತು. ಪಾಸ್‌ಪೋರ್ಟು ಕೂಡ ಫೀಸಿಲ್ಲದೇ ಮಾಡಿಕೊಟ್ಟರು. 2018ರಾಗ ಕೇರಳದ ನೆರೆಗೂ ಹಂಗೇ ಮಾಡಿದರು.

ಆದ್ರೆ ನಿಮ್ಮೊಬ್ಬರ ಟ್ರಂಕಿಗೆ ಗೆದ್ದಲು ಹತ್ತಿದ್ರೆ ಯಾವ ಕಲೆಕ್ಟರೂ ಕ್ಯಾಂಪ್ ಹಾಕಲ್ಲ. ಮಾಳಿಗೆ ಸೋರಿ ಮಾರ್ಕ್ಸ್‌ಕಾರ್ಡು ನೆಂದ್ರೆ ಹೆಲಿಕಾಪ್ಟರ್ ಬರಲ್ಲ. ನಿಮ್ಮ ಮನೆ ಮಟ್ಟಿಗೆ ಅದು ಪ್ರಳಯ, ಸರ್ಕಾರದ ಮಟ್ಟಿಗೆ ಅದು ಒಂದು ಅರ್ಜಿ. ಫೀಸು ಕಟ್ರಿ, ಕ್ಯೂ ನಿಲ್ರಿ.

ನೆಂದ ಕಾಗದ ಸಿಕ್ರೆ ಏನು ಮಾಡ್ತೀರಿ? ಇಸ್ತ್ರಿ ಪೆಟ್ಟಿಗೆ ತರ್ತೀರಿ. ಇಡ್ರಿ ಅದನ್ನ ಕೆಳಗೆ! ಬಿಸಿಲಿಗೂ ಹಾಕಬ್ಯಾಡ್ರಿ, ಶಾಯಿ ಹಾರುತ್ತೆ, ಕಾಗದ ಸೆಟೆಯುತ್ತೆ. ಅಂಟಿಕೊಂಡ ಹಾಳೇನ ಎಳೀಬ್ಯಾಡ್ರಿ. ನಡುವೆ ನೀರು ಹೀರೋ ಬಿಳಿ ಕಾಗದ ಇಟ್ಟು, ನೆರಳಿನಾಗ, ಫ್ಯಾನಿನ ಗಾಳಿಗೆ ಬಿಡ್ರಿ.

ರಾಶಿಗಟ್ಟಲೆ ನೆಂದಾವೆ, ಇವತ್ತೇ ಬಿಡಿಸಾಕೆ ಆಗಲ್ಲ ಅಂದ್ರೆ, ಹಳೇ ಪುಸ್ತಕ ಉಳಿಸೋ ತಜ್ಞರು ಏನು ಮಾಡ್ತಾರೆ ಗೊತ್ತಾ? ಪ್ಲಾಸ್ಟಿಕ್ ಚೀಲದಾಗ ಹಾಕಿ ಫ್ರೀಜರಿನಾಗ ಇಡ್ತಾರೆ. ಬೂಷ್ಟು ಹಿಡಿಯಲ್ಲ, ಆಮೇಲೆ ಸಾವಕಾಶ ಒಣಗಿಸಬಹುದು. (ಐಸ್‌ಕ್ರೀಮ್ ಪಕ್ಕ ಕ್ರಯಪತ್ರ. ಮನೆಯವರಿಗೆ ಮೊದಲೇ ಹೇಳಿ ಇಡ್ರಿ.)

ಇನ್ನು ನಿಮ್ಮ ಲ್ಯಾಮಿನೇಷನ್ ಹುಚ್ಚು. ಕಾಗದ ಕಂಡ್ರೆ ಸಾಕು, ಬಿಸಿ ಪ್ಲಾಸ್ಟಿಕ್ ಹೊದಿಸಬೇಕು ನಿಮಗೆ. ಹಳೇ ಪತ್ರ ಒಳಗೊಳಗೇ ಹಾಳಾಗುತ್ತೆ, ಬಿಡಿಸಿ ತೆಗೆಯೋಕೂ ಬರಲ್ಲ. ಮಗ ಫಾರಿನ್ನಿಗೆ ಹೋಗೋವಾಗ ಅಟೆಸ್ಟೇಷನ್ ಮಾಡೋರು ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟಿಗೆ ತಕರಾರು ತೆಗೀತಾರೆ. ಸುಮ್ಮನೆ ಒಂದು ಕ್ಲಿಯರ್ ಫೋಲ್ಡರಿನಾಗ ಹಾಕಿ ನೆಲದಿಂದ ಎತ್ತರಕ್ಕೆ ಇಡ್ರಿ. ಅಷ್ಟೇ.

ಇವೆಲ್ಲಾ ಬಿಟ್ಟು ನೆಮ್ಮದಿಯಾಗಿ ಇರೋ ಮನುಷ್ಯ ಒಬ್ಬ ಅದಾನೆ, ಗೊತ್ತಾ? ಸಾಲಗಾರ! ಬೆಳೆ ಸಾಲ ತಗೊಂಡವನ ಪಾಸ್‌ಬುಕ್ಕಿನ ಝೆರಾಕ್ಸು, ಅಡಂಗಲ್, ಆಧಾರು, ಫೋಟೊ, ಹೆಂಡತಿ ಸಹಿ ಸಮೇತ ಬ್ಯಾಂಕಿನ ಕಬ್ಬಿಣದ ಬೀರುವಿನಾಗ ಅದಾವೆ. ಅವನು ಮರೆತ್ರೂ ಬ್ಯಾಂಕು ಮರೆಯಲ್ಲ. ಕಾಗದ ಕಳೆದ ದಿನ ಮೊದಲು ಬ್ಯಾಂಕಿಗೆ ಹೋಗಿ ಫೈಲು ತೆಗೆಸ್ರಿ, ಅರ್ಧ ನಂಬರು ಅಲ್ಲೇ ಸಿಗ್ತಾವೆ. (ಸಾಲ ತೀರಿಸಿ ಫೈಲು ಮುಚ್ಚಿಸಿದ ಮರ್ಯಾದಸ್ಥರಿಗೆ ಈ ಸೌಲಭ್ಯ ಇಲ್ಲ.)

ಈಗ ಕೆಲಸದ ಮಾತು, ಒಂದೇ ಒಂದು. ಮಗಳ ಹಳೇ ನೋಟ್‌ಬುಕ್ಕಿನಿಂದ ಒಂದು ಹಾಳೆ ಕೀಳ್ರಿ. ಬರೀರಿ: ಸರ್ವೆ ನಂಬರು, ಖಾತೆ ನಂಬರು, ಕ್ರಯಪತ್ರದ ನಂಬರು ಮತ್ತು ವರ್ಷ, ಯಾವ ಸಬ್ ರಿಜಿಸ್ಟ್ರಾರ್, ಪರೀಕ್ಷೆ ಹಾಲ್ ಟಿಕೆಟ್ ನಂಬರು ಮತ್ತು ವರ್ಷ, ರೇಷನ್ ಕಾರ್ಡು, ಓಟರ್ ಕಾರ್ಡು, ಪಾಲಿಸಿ ನಂಬರು. ಅದರ ಮೂರು ಪ್ರತಿ ಮಾಡಿ ಮೂರು ಕಡೆ ಇಡ್ರಿ. ಕಾಗದ ಹೋದ್ರೆ ನಕಲು ಹುಟ್ಟುತ್ತೆ. ನಂಬರು ಹೋದ್ರೆ ಅರ್ಜಿ ಕೂಡ ಹುಟ್ಟಲ್ಲ.

"ನಾಳೆ ಬರೀತೀನಿ" ಅಂದ್ರಿ. ಕೇಳಿಸ್ತು. "ಅಷ್ಟೊಂದು ಕಾಗದ ಯಾರ್ ಹುಡುಕ್ತಾರ್ರಿ, ನೆನಪಿರಲ್ಲ, ವಯಸ್ಸಾತು" ಅಂತಾನೂ ಅಂದ್ರಿ. ವಯಸ್ಸು, ನೆನಪು, ಪುರುಸೊತ್ತು. ಮೂರೂ ಒಪ್ಪಿದೆ.

ಆದ್ರೆ ಒಂದು ಮಾತು. ನಿಮ್ಮ ತಮ್ಮನ ಬೀಗ, ಆ ಉದ್ದೇಹಾಳಿನವರು, ಐವತ್ತು ಸಾವಿರ ಈಸ್ಕೊಂಡು ಪ್ರಾಮಿಸರಿ ನೋಟು ಬರಕೊಟ್ಟಿದ್ರಲ್ಲ, ಅದು ಎಲ್ಲೈತೆ? ನೋಡ್ರಿ, ನೋಡ್ರಿ, ಕಣ್ಣು ಹೆಂಗೆ ಹೊಳೀತು! ಯಾವ ಬೀರು, ಯಾವ ಅರೆ, ಯಾವ ಪುಸ್ತಕದ ಯಾವ ಪುಟ, ಬರಕೊಟ್ಟ ತಾರೀಖು, ಸಾಕ್ಷಿ ಹಾಕಿದವರು ಇಬ್ಬರು, ಅಂಟಿಸಿದ ರೆವಿನ್ಯೂ ಸ್ಟಾಂಪು, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ, ಮೂರು ವರ್ಷಕ್ಕೆ ಅವಧಿ ಮುಗಿಯೋ ದಿನ, ಎಲ್ಲಾ ಬಾಯಿಪಾಠ. ಆ ಬೀರುವಿನಾಗ, ಆ ಪುಸ್ತಕದಾಗ, ಆ ನೋಟಿನ ಪಕ್ಕಾನೇ ನಿಮ್ಮ ಮನೆ ಪತ್ರ ಇಡ್ರಿ. ಜಲಪ್ರಳಯ ಬಂದ್ರೂ ಮೊದಲು ಎತ್ಕೊಂಡು ಓಡೋದು ಅದನ್ನೇ ಅಲ್ವಾ?